ಪೆನ್ನು ಕಳಿಸಿದ್ದೇನೆ, ಮಗಳೇ

ಸಾಗರ

ಪ್ರೀತಿಯ ಪುಟ್ಟಿಗೆ ಅಮ್ಮನ ಆಶೀರ್ವಾದಗಳು.

ನಾವಿಬ್ಬರೂ ಕ್ಷೇಮ. ಮಳೆ ಜೋರಾಗಿದೆ. ನಡುವೆ ಎರಡು ದಿನ ಮಳೆ ಬಿಟ್ಟು ಹೊಳವಾದ್ದರಿಂದ ಅಪ್ಪ ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಸಿ ಮುಗಿಸಿದರು. ಈ ಕಾಗದದ ಜೊತೆ ಒಂದು ಪೆನ್ನು, ಫಿಲ್ಲರ್, ಒಂದು ಬಾಟಲಿ ಶಾಯಿ, ಎರಡು ನೋಟ್‌ಬುಕ್ ಇಟ್ಟಿದ್ದೇನೆ. "ದಿನ ಕಳೆದದ್ದೇ ಗೊತ್ತಾಗಲ್ಲಮ್ಮಾ" ಅಂತ ಫೋನಿನಲ್ಲಿ ಅಂದೆಯಲ್ಲ, ಆಗಲೇ ಇದನ್ನು ಕಳಿಸಬೇಕು ಅನ್ನಿಸಿತು. ದಿನಕ್ಕೊಂದು ಪುಟ ಕೈಯಲ್ಲಿ ಬರಿ. ನನಗೆ ಗೊತ್ತಿರುವ ಮದ್ದು ಇದೊಂದೇ.

ಪೆನ್ನು ಆಂಧ್ರದ ರಾಜಮಹೇಂದ್ರಿಯಲ್ಲಿ ಮಾಡುವ ರತ್ನಂ ಪೆನ್ನು. ಗಾಂಧೀಜಿಯ ಸ್ವದೇಶಿ ಕರೆಗೆ ಓಗೊಟ್ಟು 1930ರ ದಶಕದಲ್ಲಿ ಕೆ.ವಿ. ರತ್ನಂ ಅಲ್ಲಿ ಪೆನ್ನು ಮಾಡತೊಡಗಿದರು. 1935ರಲ್ಲಿ ಗಾಂಧೀಜಿಯೇ ಮೆಚ್ಚಿ ಅವರಿಗೆ ಕಾಗದ ಬರೆದರು. ಇದರ ಮೈ ಎಬೊನೈಟಿನದು, ಅಂದರೆ ಗಂಧಕ ಸೇರಿಸಿ ಕಾಯಿಸಿ ಗಟ್ಟಿ ಮಾಡಿದ ರಬ್ಬರು. ಲೋಹದ ಪೆನ್ನಿನ ಹಾಗೆ ತಣ್ಣಗೆ ಕೊರೆಯುವುದಿಲ್ಲ, ಹಿಡಿದ ಕೂಡಲೇ ಕೈಗೆ ಒಗ್ಗುತ್ತದೆ. ಬಿಸಿನೀರಿನಲ್ಲಿ ಮಾತ್ರ ತೊಳೆಯಬೇಡ, ಬಣ್ಣ ಮಂಕಾಗುತ್ತದೆ.

ಶಾಯಿ ತುಂಬುವ ಕೆಲಸವನ್ನು ಅವಸರದಲ್ಲಿ ಮಾಡಲಾಗದು. ನಿಬ್ಬಿನ ಕಡೆಯ ಭಾಗ ತಿರುಗಿಸಿ ಬಿಚ್ಚಿ ಪಕ್ಕಕ್ಕಿಡು. ಎಡಗೈಯಲ್ಲಿ ಪೆನ್ನಿನ ಕೊಳವೆ ನೆಟ್ಟಗೆ ಹಿಡಿದು, ಬಲಗೈಯಲ್ಲಿ ಫಿಲ್ಲರ್ ಒತ್ತುತ್ತಾ ಹನಿ ಹನಿ ಬಿಡು. ಥ್ರೆಡ್ಡಿಗೆ ತಾಗದಂತೆ ಸ್ವಲ್ಪ ಕೆಳಗೇ ನಿಲ್ಲಿಸು. ಮತ್ತೆ ತಿರುಗಿಸಿ ಮುಚ್ಚಿ, ಹಳೇ ಪಂಚೆಯ ಚೂರಿನಿಂದ ಒರೆಸು. ಅಷ್ಟು ಹೊತ್ತು ಎರಡೂ ಕೈಗೆ ಕೆಲಸ, ಫೋನು ಹಿಡಿಯಲು ಕೈಯೇ ಉಳಿಯುವುದಿಲ್ಲ. ನನಗೆ ಬರೆಯುವುದಕ್ಕಿಂತ ಈ ತಯಾರಿಯೇ ಹೆಚ್ಚು ಇಷ್ಟವಾಗುವ ದಿನಗಳಿವೆ. ಶಾಯಿ ತಳ ಕಾಣುವವರೆಗೆ ಕಾಯಬೇಡ. ಒಳಗೆ ಗಾಳಿ ಹೆಚ್ಚಾದಷ್ಟೂ ಅದು ಕೈಯ ಬಿಸಿಗೆ ಹಿಗ್ಗಿ ಶಾಯಿಯನ್ನು ಹೊರಗೆ ತಳ್ಳುತ್ತದೆ, ಪೆನ್ನು ಕಕ್ಕುತ್ತದೆ. ಡ್ರಾಯಿಂಗಿನ ಕಪ್ಪು ಶಾಯಿಯನ್ನಂತೂ ಹಾಕಲೇಬೇಡ. ಅದರಲ್ಲಿ ಅರಗು ಇರುತ್ತದೆ, ಒಣಗಿದರೆ ಒಳಗೆಲ್ಲ ಕಟ್ಟಿಕೊಳ್ಳುತ್ತದೆ.

ಬಾಲ್ ಪೆನ್ನಿನ ರೂಢಿಯಲ್ಲಿ ನೀನು ಒತ್ತಿ ಬರೆಯುತ್ತೀ. ಇಲ್ಲಿ ಅದು ಬೇಡ. ನಿಬ್ಬಿನ ನಡುವಿನ ಸೀಳಿನಲ್ಲಿ ಶಾಯಿ ತಾನೇ ಇಳಿದು ಬರುತ್ತದೆ, ಹಾಳೆಗೆ ತಾಗಿಸಿದರೆ ಸಾಕು. ಕೈ ಹಗುರಾದರೆ ಹೆಗಲೂ ಸಡಿಲವಾಗುತ್ತದೆ, ನೋಡು.

ನೋಟ್‌ಬುಕ್ ಅಗಲ ಗೆರೆಯದು, ಹುಡುಕಿಯೇ ತಂದದ್ದು. ಗೆರೆ ಒತ್ತೊತ್ತಾಗಿದ್ದರೆ ಇಂಗ್ಲಿಷಿಗೆ ಹೇಗೋ ಆದೀತು, ಕನ್ನಡಕ್ಕೆ ಆಗದು. ಮೇಲಿನ ಸಾಲಿನ ಒತ್ತಕ್ಷರ ಇಳಿದು ಕೆಳಗಿನ ಸಾಲಿನ ಗುಡಿಸಿಗೆ ಡಿಕ್ಕಿ ಹೊಡೆಯುತ್ತದೆ. "ಸ್ವಾತಂತ್ರ್ಯ" ಅಂತ ಒಮ್ಮೆ ಬರೆದು ನೋಡು, ಆ ಅಕ್ಷರಗಳಿಗೆ ಎಷ್ಟು ಜಾಗ ಬೇಕು ಅಂತ ತಿಳಿಯುತ್ತದೆ. ಇಲ್ಲಿ ಮಳೆಗಾಲದಲ್ಲಿ ಹಾಳೆ ತೇವ ಹೀರಿ ಶಾಯಿ ಹರಡುತ್ತದೆ ಅಂತ ನನ್ನ ಪುಸ್ತಕಗಳನ್ನೆಲ್ಲ ಟ್ರಂಕಿನೊಳಗೆ ಇಟ್ಟಿದ್ದೇನೆ. ಪುಣೆಯಲ್ಲಿ ನಿನಗೆ ಅಷ್ಟು ತೊಂದರೆ ಆಗಲಿಕ್ಕಿಲ್ಲ.

ಏನು ಬರೆಯೋದು ಅಂತ ಕೇಳುತ್ತೀ, ಗೊತ್ತು. ದೊಡ್ಡದೇನೂ ಬೇಡ. ಸಂಜೆ ದೀಪ ಹಚ್ಚಿದ ಮೇಲೆ ನಾನು ಬರೆಯುವುದು ಹೀಗೆ: ಹಾಲು ಒಡೆಯಿತು, ಪಾತ್ರೆ ಸರಿಯಾಗಿ ತೊಳೆದಿರಲಿಲ್ಲ ಅಂತ ಕಾಣುತ್ತದೆ. ಬಾಳೆ ಗೊನೆ ಹಾಕಿದೆ. ಪುಟ್ಟಿಯ ದನಿ ಯಾಕೋ ಸಣ್ಣಗಿತ್ತು. ಹೀಗೆ ಬರೆಯುತ್ತಾ ಹೋದಾಗಲೇ, ಬೆಳಗ್ಗೆ ಕಂಡೂ ಕಾಣದಂತೆ ದಾಟಿಹೋದದ್ದು ನಿಧಾನವಾಗಿ ಎದುರಿಗೆ ಬರುತ್ತದೆ. ಟೈಪ್ ಮಾಡುವಾಗ ನನಗೆ ಹಾಗಾಗುವುದಿಲ್ಲ. ಬೆರಳು ಮುಂದೆ ಓಡಿರುತ್ತದೆ.

ಕೆಳದಿಯ ಮ್ಯೂಸಿಯಂನಲ್ಲಿ ತಾಳೆಗರಿ ನೋಡಿದ್ದು ನೆನಪಿದೆಯಾ? ಕಬ್ಬಿಣದ ಕಂಟದಿಂದ ಗರಿಯನ್ನು ಕೊರೆದು, ಮೇಲೆ ಮಸಿ ಸವರಿ ಒರೆಸಿದ ಮೇಲೇ ಅಕ್ಷರ ಎದ್ದು ಕಾಣುವುದು. ಅಲ್ಲಿಯವರೆಗೆ ಬರೆದವನಿಗೂ ತಾನು ಬರೆದದ್ದು ಸರಿಯಾಗಿ ಕಾಣದು. ಅಷ್ಟು ಸಾವಧಾನ ನಮ್ಮಿಂದ ಆಗಲಾರದು. ಒಂದು ಪುಟಕ್ಕಾಗುವಷ್ಟು ಸಾಕು.

ನವರಾತ್ರಿಯಲ್ಲಿ ಸರಸ್ವತಿ ಪೂಜೆಗೆ ಇಟ್ಟಾಗ ಮಾತ್ರ ಪೆನ್ನಿಗೆ ರಜೆ. ವಿಜಯದಶಮಿಯ ದಿನ ತೆಗೆದು ಮೊದಲು ಏನು ಬರೆಯುತ್ತೀಯೋ ನೀನೇ ಯೋಚಿಸು. ಉಳಿದಂತೆ ತಿಂಗಳಿಗೊಮ್ಮೆ ತಣ್ಣೀರಿನಲ್ಲಿ, ಬಣ್ಣ ಬಿಡುವುದು ನಿಲ್ಲುವವರೆಗೆ ತೊಳೆದು ಒಣಗಿಸು.

ನಿನ್ನ ನೋಟ್‌ಬುಕ್ ನನಗೆ ತೋರಿಸಬೇಕಿಲ್ಲ, ಅದು ನಿನ್ನದು. ನನಗೆ ಬೇರೆ ಕಾಗದ ಬರಿ, ಅಂಚೆಯಲ್ಲೇ ಹಾಕು. ಅಪ್ಪನಿಗೂ ಎರಡು ಸಾಲು ಇರಲಿ, ಇಲ್ಲದಿದ್ದರೆ ಬೇಜಾರು ಮಾಡಿಕೊಳ್ಳುತ್ತಾರೆ.

ಇಂತಿ,
ನಿನ್ನ ಅಮ್ಮ