ಚೀಸ್ ಎಂದರೆ ಗಿಣ್ಣಲ್ಲ

ಮಾನ್ಯ ಸಂಪಾದಕರೇ,

ತಮ್ಮ ಭಾನುವಾರದ ಪುರವಣಿಯ ಅಡುಗೆ ಅಂಕಣದಲ್ಲಿ ಈಚೆಗೆ, ಬ್ರೆಡ್ಡಿನ ಮೇಲೆ ಗಿಣ್ಣನ್ನು ತುರಿದು ಹರಡಿ ಅದು ಕರಗುವವರೆಗೆ ಕಾವಲಿಯ ಮೇಲಿಡಬೇಕೆಂಬ ಸಲಹೆ ಬಂದಿತ್ತು. ಅದನ್ನು ಗಟ್ಟಿಯಾಗಿ ಓದುತ್ತಿದ್ದ ನಮ್ಮ ಮನೆಯ ಹಿರಿಯರೊಬ್ಬರು ಅಲ್ಲಿಗೇ ನಿಲ್ಲಿಸಿ, ಗಿಣ್ಣು ಎಲ್ಲಾದರೂ ಕರಗುತ್ತದೆಯೇ ಎಂದು ಕೇಳಿದರು. ಅವರು ಕೇಳಿದ್ದು ಸರಿಯಾಗಿಯೇ ಇದೆ. ಬರೆದವರ ಮನಸ್ಸಿನಲ್ಲಿದ್ದದ್ದು ಚೀಸ್. ಆ ಪದಕ್ಕೆ ಗಿಣ್ಣು ಎಂಬ ಅರ್ಥ ಕೊಡುವ ರೂಢಿ ನಿಘಂಟುಗಳಲ್ಲೇ ಇರುವುದರಿಂದ ತಪ್ಪು ಅವರೊಬ್ಬರದಲ್ಲ. ಆದರೂ ಹೆಸರಿನ ಗೊಂದಲ ಅಡುಗೆಮನೆಯವರೆಗೂ ನಡೆದು ಬಂದು ಒಳ್ಳೆಯ ತಿನಿಸೊಂದನ್ನು ಕೆಡಿಸುತ್ತಿರುವುದರಿಂದ ಈ ಪತ್ರ ಬರೆಯಬೇಕಾಯಿತು.

ನಮ್ಮ ಶಿರಸಿ ಸೀಮೆಯಲ್ಲಿ ಕೊಟ್ಟಿಗೆಯಿದ್ದ ಮನೆಯವರಿಗೆ ಗಿಣ್ಣನ್ನು ವಿವರಿಸಬೇಕಾಗಿಲ್ಲ. ಹಸು ಕರು ಹಾಕಿದ ಮೇಲೆ ಕರುವಿನ ಪಾಲನ್ನು ಕರುವಿಗೆ ಬಿಟ್ಟು, ಉಳಿದ ಹಳದಿ ಬಣ್ಣದ ಮಂದ ಹಾಲಿಗೆ ಬೆಲ್ಲ, ಏಲಕ್ಕಿ ಕೂಡಿಸಿ, ಮೊದಲ ದಿನದ್ದಾದರೆ ಒಂದಷ್ಟು ಮಾಮೂಲಿ ಹಾಲನ್ನೂ ಬೆರೆಸಿ, ಹಬೆಯಲ್ಲಿ ಬೇಯಿಸುತ್ತಾರೆ. ಚಾಕುವಿನ ತುದಿ ಚುಚ್ಚಿ ತೆಗೆದರೆ ಏನೂ ಅಂಟಬಾರದು. ಹಬೆ ಹೆಚ್ಚಾದರೆ ಮೈತುಂಬ ತೂತು ಬಿದ್ದು ನೀರು ಬಿಡುತ್ತದೆ. ಇಲ್ಲಿ ಹೆಪ್ಪೂ ಇಲ್ಲ, ಹುಳಿಯೂ ಇಲ್ಲ. ಮೊದಲ ದಿನದ ಹಾಲಿನಲ್ಲಿ ಪ್ರೋಟೀನು ಮಾಮೂಲಿ ಹಾಲಿನ ಮೂರು ನಾಲ್ಕು ಪಟ್ಟು ಇರುತ್ತದೆ. ಅದರಲ್ಲಿ ದೊಡ್ಡದೊಂದು ಪಾಲು, ಕರುವಿಗೆ ರೋಗನಿರೋಧಕ ಶಕ್ತಿ ಕೊಡುವ ಬಗೆಯದು. ಅದು ಶಾಖಕ್ಕೆ ಮೊಟ್ಟೆಯ ಲೋಳೆಯಂತೆ ತಾನಾಗಿಯೇ ಗಟ್ಟಿಯಾಗುತ್ತದೆ, ಮತ್ತೆಷ್ಟು ಕಾಯಿಸಿದರೂ ಕರಗುವುದಿಲ್ಲ.

ಚೀಸಿನ ದಾರಿಯೇ ಬೇರೆ. ಉಗುರುಬೆಚ್ಚಗಿನ ಹಾಲಿಗೆ ಹುಳಿ ಬರಿಸುವ ಬ್ಯಾಕ್ಟೀರಿಯಾ ಸೇರಿಸಿ, ರೆನ್ನೆಟ್ ಎಂಬ ಕಿಣ್ವ ಹಾಕಿದರೆ ಹಾಲಿನ ಕೇಸಿನ್ ಎಂಬ ಪ್ರೋಟೀನು ಹೆಪ್ಪುಗಟ್ಟುತ್ತದೆ. ಆ ಗಡ್ಡೆಯನ್ನು ಕತ್ತರಿಸಿ, ನೀರು ಬಸಿದು, ಉಪ್ಪು ಹಾಕಿ, ಒತ್ತಿ, ತಿಂಗಳುಗಟ್ಟಲೆ ಮಾಗಲು ಬಿಡುತ್ತಾರೆ. ಒಂದು ಕಿಲೋ ಗಟ್ಟಿ ಚೀಸಿಗೆ ಸುಮಾರು 10 ಲೀಟರ್ ಹಾಲು ಬೇಕು. ನಮ್ಮ ಮಲೆನಾಡ ಗಿಡ್ಡ ತಳಿಯ ಹಸು ದಿನಕ್ಕೆ ಕೊಡುವ ಅಷ್ಟಿಷ್ಟು ಹಾಲನ್ನು ಬಲ್ಲವರಿಗೆ, ಈ ಕಸುಬು ಇಲ್ಲೇಕೆ ಹುಟ್ಟಲಿಲ್ಲ ಎಂಬುದು ಅರ್ಧ ಅರ್ಥವಾಗುತ್ತದೆ. ಉಳಿದರ್ಧ ಹವೆಗೆ ಸಂಬಂಧಿಸಿದ್ದು. ಚೀಸ್ ಮಾಗಲು ತಂಪೂ ಬೇಕು, ತೇವವೂ ಬೇಕು. ಹಲವು ಬಗೆಗಳಿಗೆ 10ರಿಂದ 13 ಡಿಗ್ರಿಯ ನೆಲಮಾಳಿಗೆಯೇ ಆಗಬೇಕು. ತೇವ ನಮ್ಮಲ್ಲಿ ಆಷಾಢದಿಂದಾಚೆ ಹಂಚಿ ಕೊಡುವಷ್ಟಿದೆ, ಆ ತಂಪು ಇಲ್ಲ.

ಹಾಗೆಂದು ಚೀಸ್ ನಮ್ಮ ಜಿಲ್ಲೆಗೆ ಪೂರ್ತಿ ಪರಕೀಯವೂ ಅಲ್ಲ. 1966ರಲ್ಲಿ ನೆಲೆಗೊಂಡ ಮುಂಡಗೋಡದ ಟಿಬೆಟನ್ ಕಾಲೊನಿಯಿಂದ ನಾನೊಮ್ಮೆ ದಾರಕ್ಕೆ ಪೋಣಿಸಿದ ಛುರ್ಪಿ ತಂದಿದ್ದೆ. ಮಜ್ಜಿಗೆಯನ್ನು ಕಾಯಿಸಿ ಒಡೆಸಿ, ಒತ್ತಿ, ಕಲ್ಲಿನಂತಾಗುವವರೆಗೆ ಒಣಗಿಸಿದ ತುಂಡುಗಳು ಅವು. ಕಚ್ಚಲು ಹೋದರೆ ಹಲ್ಲಿಗೇ ಅಪಾಯ. ಎಲೆಯಡಿಕೆಯ ಕವಳದ ಹಾಗೆ ದವಡೆಯ ಮೂಲೆಗೆ ಒತ್ತರಿಸಿಕೊಂಡು ಬಸ್ಸು ಹತ್ತಿದವನಿಗೆ ಶಿರಸಿಯಲ್ಲಿ ಇಳಿಯುವಾಗಲೂ ಬಾಯಲ್ಲಿ ಚೂರು ಉಳಿದಿತ್ತು. ಅದಕ್ಕೆ ಬೇಕಾದದ್ದು ತಾಳ್ಮೆ ಮಾತ್ರ.

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ವರ್ಷಕ್ಕೂ ಹೆಚ್ಚು ಮಾಗಿದ ಗೌಡಾ. ಹೆಸರು ಕೇಳಿ ನಮ್ಮ ಊರಗೌಡರನ್ನು ನೆನೆಯಬೇಕಾಗಿಲ್ಲ. ಗೌಡಾ ಎಂಬುದು ನೆದರ್‌ಲೆಂಡ್ಸಿನ ಒಂದು ಪಟ್ಟಣ. ಸುತ್ತಲಿನ ರೈತರು ತಮ್ಮ ಚೀಸನ್ನು ಅಲ್ಲಿಯ ಸಂತೆಗೆ ತಂದು ಮಾರುತ್ತಿದ್ದರಿಂದ ಆ ಹೆಸರು ಬಂತು. ಆ ನಾಡಿನವರು ಅದನ್ನು ಗಂಟಲಿನಿಂದ ಉಚ್ಚರಿಸುವಾಗ ನಮ್ಮ ಕಿವಿಗೆ ‘ಹೌದಾ’ ಎಂದು ಕೇಳುವುದು ಬೇರೆ ಮಾತು. ಮಗಳು ಬೆಂಗಳೂರಿನಿಂದ ಮೊದಲ ಬಾರಿ ಅದರ ತುಂಡೊಂದನ್ನು ತಂದಾಗ, ಫ್ರಿಜ್ಜಿನಿಂದ ತೆಗೆದವನೇ ಬಾಯಿಗೆ ಹಾಕಿಕೊಂಡು, ಮೇಣ ತಿಂದ ಹಾಗಾಗಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ್ದೆ. ಅಂದು ಸಂಜೆ ಮಳೆಗೆ ಕರೆಂಟು ಹೋಯಿತು. ತಟ್ಟೆ ಹೊರಗೇ ಉಳಿಯಿತು. ರಾತ್ರಿ ಊಟಕ್ಕೆ ಕೂರುವಷ್ಟರಲ್ಲಿ ಸುಟ್ಟ ಸಕ್ಕರೆಯ ಘಮ ಬರತೊಡಗಿತ್ತು. ತಣ್ಣಗಿರುವಾಗ ಕೊಬ್ಬು ಗಟ್ಟಿಯಾಗಿ ಪರಿಮಳವನ್ನು ಹಿಡಿದಿಟ್ಟುಕೊಳ್ಳುತ್ತದೆ, ಆದ್ದರಿಂದ ಯಾವುದೇ ಮಾಗಿದ ಚೀಸನ್ನು ತಿನ್ನುವ ಅರ್ಧ ಗಂಟೆ, ಮುಕ್ಕಾಲು ಗಂಟೆ ಮೊದಲೇ ಹೊರಗಿಡಬೇಕು ಎಂಬುದನ್ನು ಹೀಗೆ ಕಲಿತೆ. ಹಲ್ಲಿಗೆ ಸಕ್ಕರೆಯ ಹರಳಿನಂತೆ ಸಿಗುವ ಬಿಳಿ ಕಣಗಳು ಉಪ್ಪಲ್ಲ, ಬೂಸ್ಟೂ ಅಲ್ಲ. ಪ್ರೋಟೀನು ಒಡೆದು ಹರಳುಗಟ್ಟಿದ ಟೈರೊಸಿನ್ ಅದು, ಚೆನ್ನಾಗಿ ಮಾಗಿದ್ದರ ಗುರುತು. ಈ ಗೌಡಾದ ತೆಳ್ಳಗಿನ ಬಿಲ್ಲೆಯ ಮೇಲೆ ನಮ್ಮ ಪಾಕದಂಥ ಜೋನಿಬೆಲ್ಲವನ್ನು ಚಮಚದ ತುದಿಯಷ್ಟು ಸವರಿ ತಿಂದು ನೋಡಬೇಕೆಂದು ಓದುಗರಲ್ಲಿ ಕೋರುತ್ತೇನೆ.

ಇಂಗ್ಲೆಂಡಿನ ಸಾಮರ್ಸೆಟ್ ಸೀಮೆಯ ಚೆಡರ್‌ಗೆ ಹುಳಿ-ಖಾರ ಒಪ್ಪುತ್ತದೆ. ಅಲ್ಲಿಯವರೂ ಅದನ್ನು ಉಪ್ಪಿನಕಾಯಿಯಂಥದ್ದರ ಜೊತೆಗೇ ತಿನ್ನುತ್ತಾರೆ. ಅಪ್ಪೆಮಿಡಿಯ ಒಂದು ಚೂರು ಸಾಕು, ಅದರ ರಸ ಬೇಡ, ಏಕೆಂದರೆ ಚೀಸಿನಲ್ಲಿ ಆಗಲೇ ಬೇಕಾದಷ್ಟು ಉಪ್ಪಿದೆ. ನೀಲಿ ಬೂಸ್ಟಿನ ಗೆರೆಗಳಿರುವ ಖಾರವಾದ ಚೀಸನ್ನು ಬರಿದೇ ತಿಂದು ಮುಖ ಸಿಂಡರಿಸುವವರು ತುಡುವೆ ಜೇನಿನ ಜೊತೆ ಪ್ರಯತ್ನಿಸಬಹುದು. ನನಗಿನ್ನೂ ಅದು ಪೂರ್ತಿ ಒಗ್ಗಿಲ್ಲ. ಕಾರವಾರದ ಬೇಕರಿಗಳ ಬಿಸಿ ಪಾವ್ ಸಿಕ್ಕರೆ ಇವೆಲ್ಲಕ್ಕೂ ಒಳ್ಳೆಯ ಜೊತೆ.

ಅಂಗಡಿಯ ಚೌಕದ ಪ್ರೊಸೆಸ್ಡ್ ಚೀಸನ್ನು ನಾನು ಹಳಿಯುವುದಿಲ್ಲ. ಅದಕ್ಕೆ ಸೇರಿಸುವ ಲವಣಗಳಿಂದಾಗಿ ಕಾವಲಿಯ ಮೇಲೆ ಎಣ್ಣೆ ಬಿಡದೆ ಒಂದೇ ಸಮನೆ ಕರಗುವುದರಿಂದ ಮಕ್ಕಳ ತೆಳ್ಳೇವಿಗೆ (ತೆಳು ದೋಸೆಗೆ) ಅದೇ ಅನುಕೂಲ. ಮಾಗಿದ ಚೆಡರನ್ನು ಅಷ್ಟೇ ಉರಿಯಲ್ಲಿ ಕಾಯಿಸಿದರೆ ಎಣ್ಣೆ ಒಂದು ಕಡೆ, ರಬ್ಬರಿನಂಥ ಗಂಟು ಒಂದು ಕಡೆ ಆಗುತ್ತದೆ. ಉರಿ ಸಣ್ಣದಿರಬೇಕು, ತುರಿಯನ್ನು ಕೊನೆಗೆ ಹಾಕಬೇಕು. ಪನೀರಂತೂ ಹುಳಿ ಹಿಂಡಿ ಒಡೆಸಿದ್ದಾದ್ದರಿಂದ ಕರಗುವ ಮಾತೇ ಇಲ್ಲ.

ಮಳೆಗಾಲದಲ್ಲಿ ಇಡುವ ಬಗೆಗೂ ಒಂದು ಮಾತು. ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಿಟ್ಟದ್ದು ನಮ್ಮ ಮನೆಯಲ್ಲಿ ವಾರದೊಳಗೆ ಬೆವರಿ ಬೂಸ್ಟು ಹಿಡಿಯಿತು. ಬೆಣ್ಣೆಕಾಗದದಲ್ಲಿ ಸುತ್ತಿ ಸಡಿಲ ಡಬ್ಬದಲ್ಲಿಟ್ಟದ್ದು ಉಳಿದುಕೊಂಡಿತು. ಗಟ್ಟಿ ಚೀಸಿನ ಮೇಲೆ ಬೂಸ್ಟು ಕಂಡರೆ ಅದರ ಸುತ್ತಲೂ ಆಳಕ್ಕೂ ಎರಡೂವರೆ ಸೆಂಟಿಮೀಟರಿನಷ್ಟು ಕತ್ತರಿಸಿ ತೆಗೆದು ಉಳಿದದ್ದನ್ನು ಬಳಸಬಹುದು. ಮೆತ್ತನೆಯ ಹಸಿ ಚೀಸಾದರೆ ಪೂರ್ತಿ ಎಸೆಯಬೇಕು.

ಕೊನೆಯದಾಗಿ, ತಮ್ಮ ಅಂಕಣಕಾರರು ಚೀಸನ್ನು ಚೀಸ್ ಎಂದೇ ಬರೆಯಲಿ. ಬಸ್ಸು, ಕಾಫಿಗಳಂತೆ ಅದೂ ನಮ್ಮ ನಾಲಿಗೆಗೆ ಒಗ್ಗಿದ ಪದವೇ. ಜೊತೆಗೆ ರೆನ್ನೆಟ್ ಯಾವ ಮೂಲದ್ದೆಂಬುದನ್ನೂ ತಿಳಿಸಲಿ. ಹಳೆಯ ಕ್ರಮದಲ್ಲಿ ಅದನ್ನು ಕರುವಿನ ಹೊಟ್ಟೆಯಿಂದ ತೆಗೆಯುತ್ತಾರೆ, ಇಟಲಿಯ ಪಾರ್ಮಿಜಾನೊ ರೆಜ್ಜಾನೊಗೆ ನಿಯಮದಂತೆ ಇಂದಿಗೂ ಅದೇ ಆಗಬೇಕು. ಸೂಕ್ಷ್ಮಜೀವಿಗಳಿಂದ ತಯಾರಿಸಿದ ರೆನ್ನೆಟ್‌ನ ಚೀಸುಗಳೂ ಹಸಿರು ಚುಕ್ಕೆಯೊಂದಿಗೆ ಸಿಗುತ್ತವೆ. ಕಳೆದ ತಿಂಗಳ ಪಾಸ್ತಾ ಪಾಕವಿಧಾನದಲ್ಲಿ ಈ ಪಾರ್ಮಿಜಾನೊವನ್ನು ‘ಶುದ್ಧ ಸಸ್ಯಾಹಾರಿ’ ಎಂಬ ಶೀರ್ಷಿಕೆಯ ಕೆಳಗೆ ಅಚ್ಚು ಹಾಕಲಾಗಿತ್ತು. ಅದಕ್ಕೊಂದು ತಿದ್ದುಪಡಿ ಪ್ರಕಟಿಸಬೇಕೆಂದು ವಿನಂತಿ.

ಇತಿ,
ಶಿರಸಿಯ ಓದುಗ