ಕಲಬುರಗಿ ಸೂಪರ್ ಮಾರ್ಕೆಟ್‌ನ ಚಪ್ಪಲಿ ಹೊಲಿಯುವ ಕಾಕಾಗೆ

ಮಗಳು ಬಿಲ್ಲುಗಾರಿಕೆ ಕಲಿಯುತ್ತಿದ್ದಾಳೆ. ಹೆದೆ ಎಳೆಯುವ ಮೂರು ಬೆರಳುಗಳ ತುದಿ ಇತ್ತೀಚೆಗೆ ಜೋಮು ಹಿಡಿಯತೊಡಗಿತ್ತು. ಹೆದೆ ತೆಳ್ಳಗಿನದು, ಎಳೆತದ ಭಾರವೆಲ್ಲ ಅಷ್ಟೇ ಜಾಗದ ಮೇಲೆ ಬಿದ್ದು ಬೆರಳಿನ ನರ ಅದುಮುತ್ತದೆ. ಹೆದೆ ತುದಿಯಲ್ಲಿ ಬೇಡ, ಮೊದಲ ಗೆಣ್ಣಿನ ಮಡಿಕೆಯಲ್ಲಿ ಕೂರಲಿ, ಕಡಿಮೆ ಎಳೆತದ ಭಾರದ ಬಿಲ್ಲು ಹಿಡಿ, ಜೋಮು ಬಂದರೆ ನಿಲ್ಲಿಸು ಎಂದು ಕೋಚ್ ಹೇಳಿದ್ದರು. ಅದೆಲ್ಲ ಪಾಲಿಸಿದಳು. ಆದರೆ ಹೆದೆ ಒತ್ತದಂತೆ ಬೆರಳಿಗೆ ತೊಡುವ ಫಿಂಗರ್ ಟ್ಯಾಬ್‌ನ ತೊಗಲು ಸವೆದು ತೆಳ್ಳಗಾಗಿತ್ತು. ಮರುದಿನ ಸ್ಪರ್ಧೆ. ಕಲಬುರಗಿಯಲ್ಲಿ ಆ ಸಂಜೆ ಹೊಸದು ಎಲ್ಲೂ ಸಿಗಲಿಲ್ಲ.

ಸೂಪರ್ ಮಾರ್ಕೆಟ್ ಹತ್ತಿರ ಕಾಕಾ ಆಗಲೇ ಸಾಮಾನು ಕಟ್ಟುತ್ತಿದ್ದರು. ಟ್ಯಾಬ್ ತಿರುವಿ ನೋಡಿದರು. “ಎಲ್ಲಿ ಒತ್ತತದವ್ವಾ, ತೋರ್ಸು” ಅಂದರು. ಮಗಳ ಕೈಗೆ ಹೊಲಿಯುವ ದಾರ ಕೊಟ್ಟು, ತಾವು ಇನ್ನೊಂದು ತುದಿ ಹಿಡಿದು ಎಳೆಯಲು ಹೇಳಿದರು. ಬೆರಳ ಮೇಲೆ ಮೂಡಿದ ಗೆರೆ ನೋಡಿಯೇ ತೊಗಲಿಗೆ ಗುರುತು ಹಾಕಿದರು. ಎರಡು ಪದರ ಕತ್ತರಿಸಿದರು: ಬೆರಳ ಕಡೆ ಮೆತ್ತಗಿನದು, ಹೆದೆ ಜಾರುವ ಕಡೆ ನುಣುಪಾದದ್ದು. ಹೊಲಿಗೆ ಬೆರಳಿಗೆ ಒತ್ತದಂತೆ ಅಂಚಿಗೆ ಸರಿಸಿದರು. ಅದನ್ನು ನಾನು ಹೇಳಿರಲಿಲ್ಲ, ಅವರಿಗೇ ಹೊಳೆದದ್ದು. ಆಮೇಲೆ ತಮ್ಮ ಹೆಬ್ಬೆರಳಿನಿಂದ ಅಂಚು ಉಜ್ಜಿ ಉಜ್ಜಿ ನೋಡಿದರು. ಜಾಸ್ತಿ ದುಡ್ಡು ಕೊಡಲು ಹೋದರೆ ತೊಗೊಳ್ಳಲಿಲ್ಲ.

ಮರುದಿನ ಕೊನೆಯ ಬಾಣದವರೆಗೂ ಮಗಳು ಬೆರಳು ಕೊಡವಲಿಲ್ಲ. ನನ್ನ ಕಣ್ಣು ಗುರಿಯ ಮೇಲಿರಲಿಲ್ಲ, ಅವಳ ಕೈ ಮೇಲೇ ಇತ್ತು. ಎಷ್ಟು ನಿರಾಳ ಆಯಿತು ಅಂದರೆ ಹೇಳಲಾರೆ.

ಗಡಿಬಿಡಿಯಲ್ಲಿ ಹೆಸರು ಕೇಳುವುದಾಗಲಿಲ್ಲ. ಕಾಕಾ, ನಿಮಗೆ ಶರಣ್ರಿ.