ಖಾಲಿ ಬೋರ್ಡಿನಿಂದ ಕಟ್ಟಿದ ಗೇಮ್ ಬಾಯ್ ಆನ್ ಆಯಿತು, ಕೆಲವರಿಗೆ ಥ್ಯಾಂಕ್ಸ್ ಹೇಳಬೇಕು

ಎಲ್ಲರಿಗೂ ನಮಸ್ಕಾರ.

ಖಾಲಿ ಸರ್ಕ್ಯೂಟ್ ಬೋರ್ಡಿನ ಮೇಲೆ ಒಂದೊಂದೇ ಪಾರ್ಟ್ ಕೂರಿಸಿ ಕಟ್ಟಿದ ನನ್ನ ಗೇಮ್ ಬಾಯ್ (ಕೈಯಲ್ಲಿ ಹಿಡಿದು ಆಡುವ ಹಳೆಯ ವಿಡಿಯೊ ಗೇಮ್ ಯಂತ್ರ) ಕೊನೆಗೂ ಆನ್ ಆಗಿದೆ. ಸೌಂಡ್ ಬರುತ್ತಿದೆ, ಬಟನ್‌ಗಳೆಲ್ಲ ಕೆಲಸ ಮಾಡುತ್ತಿವೆ, ಪರದೆಯಲ್ಲಿ ಒಂದು ಗೆರೆಯೂ ಬಿಟ್ಟುಹೋಗಿಲ್ಲ. ನಾನು ಹಾಕಿದ ಫೋಟೊ ನೋಡಿ ತುಂಬಾ ಜನ "ನೀನೇ ಮಾಡಿದ್ದಾ?" ಅಂತ ಕೇಳಿದಿರಿ. ಬೆಸುಗೆ ಹಾಕಿದ ಕೈ ನನ್ನದೇ, ಸುಳ್ಳು ಹೇಳಲ್ಲ. ಆದರೆ ಆ ಕೈಯನ್ನು ಪಳಗಿಸಿದವರು ಬೇರೆ ಇದ್ದಾರೆ. ಅವರ ವಿಷಯ ಹೇಳದೆ ಬರೀ ಲೈಕ್ ಎಣಿಸುತ್ತಾ ಕೂತರೆ ಸರಿಯಲ್ಲ, ಅಲ್ವಾ?

ಮೊದಲು ಚಿಕ್ಕಪ್ಪ. ಅವರ ಹಳೆಯ ಗೇಮ್ ಬಾಯ್ ಸಿಗದಿದ್ದರೆ ಇದು ಶುರುವಾಗುತ್ತಲೇ ಇರಲಿಲ್ಲ. ನಿಂಟೆಂಡೊ 1989ರಲ್ಲಿ ಬಿಡುಗಡೆ ಮಾಡಿದ ಮೊದಲ ಮಾಡೆಲ್ ಅದು. ನಾಲ್ಕು ಎಎ ಸೆಲ್ ಹಾಕಿ ಹಾಗೇ ಮರೆತುಬಿಟ್ಟಿದ್ದರು. ಅಲ್ಕಲೈನ್ ಸೆಲ್ ಸೋರಿದರೆ ಒಳಗಿನ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಆಚೆ ಬರುತ್ತದೆ. ಸ್ಪ್ರಿಂಗ್‌ಗಳ ಮೇಲೆ ಬಿಳಿ ಪುಡಿ, ಬೋರ್ಡಿನ ತಾಮ್ರದ ಗೆರೆಗಳಿಗೆ ಹಸಿರು ಕಿಲುಬು. ಸ್ಪ್ರಿಂಗ್ ಆದರೆ ವಿನೆಗರ್ ಹಾಕಿ ಉಜ್ಜಬಹುದು, ಗೆರೆಗಳೇ ತಿಂದುಹೋದ ಬೋರ್ಡಿಗೆ ಏನು ಮಾಡೋದು? "ಬೋರ್ಡ್ ಹೋದರೆ ಹೋಗಲಿ, ಚಿಪ್ ಚೆನ್ನಾಗಿರಬಹುದು, ತಗೊಂಡು ಹೋಗು" ಅಂದರು. ಚಿಕ್ಕಂದಿನಿಂದ ಇಟ್ಟುಕೊಂಡಿದ್ದ ವಸ್ತುವನ್ನು ಬಿಚ್ಚಿಹಾಕಲು ಕೊಡೋಕೆ ದೊಡ್ಡ ಮನಸ್ಸು ಬೇಕು. ಅವರ ಮಾತು ನಿಜವೂ ಆಯಿತು. ಮುಖ್ಯ ಚಿಪ್, ಎರಡು ಮೆಮೊರಿ ಚಿಪ್, ಸೆಕೆಂಡಿಗೆ 41,94,304 ಸಲ ಮಿಡಿಯುವ ಕ್ರಿಸ್ಟಲ್, ಎಲ್ಲವೂ ಬದುಕಿದ್ದವು.

ಅವನ್ನು ಕೂರಿಸಲು ಹೊಸ ಬೋರ್ಡ್ ಬೇಕಿತ್ತು. ಮುಖ ನೋಡದ ಯಾರೋ ಹವ್ಯಾಸಿಗಳು ಹಳೆಯ ಬೋರ್ಡಿನ ಗೆರೆಗಳನ್ನು ಒಂದೊಂದಾಗಿ ಹಿಂಬಾಲಿಸಿ, ನಕ್ಷೆ ಬಿಡಿಸಿ, ಯಾರು ಬೇಕಾದರೂ ಬಳಸಿಕೊಳ್ಳಿ ಅಂತ ಬಿಟ್ಟಿದ್ದಾರೆ. ಎಷ್ಟು ತಾಳ್ಮೆಯ ಕೆಲಸ ಅಂತ ಮಲ್ಟಿಮೀಟರ್ ಹಿಡಿದವರಿಗೆ ಗೊತ್ತು. ನಿಮಗೆ ಕನ್ನಡ ಬರದಿದ್ದರೂ ಪರವಾಗಿಲ್ಲ, ನಮಸ್ಕಾರ ತಲುಪಲಿ.

ಈಗ ಅಕ್ಕ. ಸ್ವಂತ ಅಕ್ಕ ಅಲ್ಲ, ಸರ್ಕ್ಯೂಟ್ ಕೆಲಸದಲ್ಲೇ ಪಳಗಿದ ಸ್ನೇಹಿತೆ, ನನಗೆ ಅಕ್ಕನೇ. ಬೆಸುಗೆ ಕಲಿಸಿ ಅಂತ ಹೋದರೆ ಎಷ್ಟೋ ದಿನ ಬೆಸುಗೆ ಹಾಕುವ ಬಿಸಿ ಐರನ್ ಮುಟ್ಟಲೂ ಬಿಡಲಿಲ್ಲ. ಚಾರ್ಜ್ ಆಗದ ಒಂದು ಫೋನ್ ಕೈಗೆ ಕೊಟ್ಟರು. ನಾನು ಬಿಚ್ಚೋಕೆ ಹೊರಟೆ. "ಮೊದಲು ಟಾರ್ಚ್ ಹಾಕಿ ನೋಡು" ಅಂದರು. ಚಾರ್ಜಿಂಗ್ ಪೋರ್ಟಿನ ತಳದಲ್ಲಿ ಜೇಬಿನ ನೂಲು ಒತ್ತಿ ಗಟ್ಟಿಯಾಗಿತ್ತು. ಫೋನ್ ಆಫ್ ಮಾಡಿ ಮರದ ಕಡ್ಡಿಯಿಂದ ಮೆಲ್ಲಗೆ ಕೆರೆದು ತೆಗೆದರೆ ಕೇಬಲ್ ಟಕ್ ಅಂತ ಕೂತಿತು, ಚಾರ್ಜ್ ಆಯಿತು. ಕೆಟ್ಟಿದೆ ಅಂತ ಬರುವ ಪೋರ್ಟ್‌ಗಳಲ್ಲಿ ಇದು ಜಾಸ್ತಿಯಂತೆ. ಕಣ್ಣಲ್ಲಿ ನೋಡು, ಮೀಟರಿನಲ್ಲಿ ಅಳೆ, ಕಾಸುವುದು ಆಮೇಲೆ. ಅವರ ಪಾಠ ಇಷ್ಟೇ. ಇದನ್ನು ಕಲಿಸಿದ್ದಕ್ಕೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಕಡಿಮೆ.

ಮುಖ್ಯ ಚಿಪ್ಪಿಗೆ 80 ಕಾಲು. ಅದನ್ನು ಕೂರಿಸಿದ ದಿನ ಪಕ್ಕದಲ್ಲೇ ಕೂತಿದ್ದರು. ಮೊದಲು ಎದುರುಬದುರು ಮೂಲೆಯ ಎರಡು ಕಾಲು ಮಾತ್ರ ಹಿಡಿಸಬೇಕು. ಆಮೇಲೆ ಭೂತಗನ್ನಡಿಯಲ್ಲಿ ನಾಲ್ಕೂ ಬದಿ ನೋಡಿ, ಒಂದು ಕಡೆ ಕೂದಲೆಳೆಯಷ್ಟು ಓರೆ ಇದ್ದರೂ ಬಿಚ್ಚಿ ಮತ್ತೆ ಇಡಬೇಕು. ಸರಿ ಕೂತ ಮೇಲೆ ಧಾರಾಳವಾಗಿ ಫ್ಲಕ್ಸ್ ಹಚ್ಚಿ, ಐರನ್ ತುದಿಯಲ್ಲಿ ಚೂರೇ ಚೂರು ಸೋಲ್ಡರ್ (ಬೆಸುಗೆಯ ಲೋಹ) ತೆಗೆದುಕೊಂಡು ಕಾಲುಗಳ ಉದ್ದಕ್ಕೂ ಎಳೆದುಕೊಂಡು ಹೋಗುವುದು. ಫ್ಲಕ್ಸ್ ಲೋಹದ ಮೇಲಿನ ಆಕ್ಸೈಡ್ ಪದರ ತೆಗೆಯುತ್ತದೆ, ಕರಗಿದ ಸೋಲ್ಡರ್ ತಾನಾಗಿಯೇ ಕಾಲಿಗೆ ಅಂಟಿಕೊಳ್ಳುತ್ತದೆ. ನೋಡೋಕೆ ಮಜಾ ಇರುತ್ತದೆ! ನಾನು ಬಳಸಿದ್ದು 63 ಪಾಲು ತವರ, 37 ಪಾಲು ಸೀಸ ಇರುವ ತಂತಿ. 183 ಡಿಗ್ರಿ ಸೆಲ್ಸಿಯಸ್‌ಗೆ ಕರಗಿ, ತಣಿದ ತಕ್ಷಣ ಗಟ್ಟಿಯಾಗುತ್ತದೆ. ಸೀಸ ಇಲ್ಲದ ಸಾಮಾನ್ಯ ತಂತಿಗೆ 217ರ ಮೇಲೆ ಬೇಕು, ಹೊಸಬರಿಗೆ ಅದು ಕಷ್ಟ. ಸೀಸದ್ದಾದರೆ ಮುಗಿದ ಮೇಲೆ ಕೈ ತೊಳೆಯಲೇಬೇಕು. ಹೊಗೆ ಬರುವುದು ಫ್ಲಕ್ಸ್‌ನಿಂದ, ಅದನ್ನೂ ಮೂಗಿಗೆ ಎಳೆದುಕೊಳ್ಳಬಾರದು. ಫ್ಯಾನ್ ಇಡದೆ ಕೂತರೆ ಅಕ್ಕ ಬೈಯುತ್ತಾರೆ.

ಎಲ್ಲ ಮುಗಿಸಿ, ಪ್ಲಸ್ಸಿಗೂ ಗ್ರೌಂಡಿಗೂ ಶಾರ್ಟ್ ಇಲ್ಲ ಅಂತ ಅಳೆದು, ಗೇಮ್ ಇರುವ ಕಾರ್ಟ್ರಿಜ್ ಹಾಕದೆ ಸ್ವಿಚ್ ಒತ್ತಿದೆ. ಮೇಲಿನಿಂದ ಒಂದು ಕಪ್ಪು ಪಟ್ಟಿ ಇಳಿದು ಬಂತು, ಟಿಂಗ್ ಅಂತ ಸದ್ದಾಯಿತು, ಅಲ್ಲೇ ನಿಂತಿತು. ನನ್ನ ಮುಖ ಬಿಳಿಚಿಕೊಂಡಿತು. ಅಕ್ಕ ನಗುತ್ತಾ ಚಪ್ಪಾಳೆ ತಟ್ಟಿದರು. ಗೇಮ್ ಬಾಯ್ ಆನ್ ಆದಾಗ ಕಂಪನಿಯ ಲೋಗೊವನ್ನು ಕಾರ್ಟ್ರಿಜ್‌ನಿಂದಲೇ ಓದಿ ತೋರಿಸುತ್ತದೆ. ಕಾರ್ಟ್ರಿಜ್ ಇಲ್ಲದಿದ್ದರೆ ಪ್ರತಿಯೊಂದು ಬಿಟ್ (0 ಅಥವಾ 1 ಅನ್ನೋ ಮಾಹಿತಿಯ ಚೂರು) ಕೂಡ 1 ಅಂತ ಓದುವುದರಿಂದ ಲೋಗೊ ಜಾಗದಲ್ಲಿ ಪೂರ್ತಿ ಕಪ್ಪು. ತನ್ನೊಳಗಿನ ಲೋಗೊಗೆ ಅದು ಹೊಂದದೆ ಯಂತ್ರ ಅಲ್ಲೇ ನಿಲ್ಲುತ್ತದೆ. ಅಂದರೆ ಚಿಪ್, ಪರದೆ, ಸ್ಪೀಕರ್ ಎಲ್ಲ ಸರಿ ಇದೆ ಅಂತ ಅರ್ಥ. ಕಪ್ಪು ಪಟ್ಟಿ ನೋಡಿ ಅಷ್ಟು ಖುಷಿಪಟ್ಟವರು ಬೇರೆ ಯಾರೂ ಇರಲಿಕ್ಕಿಲ್ಲ.

ಫೋನ್ ರಿಪೇರಿಯನ್ನೇ ಕಸುಬು ಮಾಡಿಕೊಂಡ ಅಣ್ಣನಿಗೂ ನಾನು ಋಣಿ. ಪರದೆ ಕೆಲಸ ಮಾಡುತ್ತಿದ್ದರೂ ಅದರಲ್ಲಿ ಎರಡು ಉದ್ದ ಗೆರೆ ಕಾಣೆಯಾಗಿದ್ದವು. ಈ ಮಾಡೆಲ್ಲಿಗೆ ಇದು ಹಳೇ ಕಾಯಿಲೆ. ಪರದೆಯ ಕೆಳಗೆ ಅಂಟಿಸಿದ ರಿಬ್ಬನ್ (ತೆಳ್ಳನೆಯ ಪಟ್ಟಿಯಂಥ ಕೇಬಲ್) ಸಡಿಲವಾಗಿರುತ್ತದೆ, ಐರನ್ ತುದಿಯನ್ನು ಅದರ ಮೇಲೆ ಹಗುರವಾಗಿ ಸವರಿದರೆ ಮತ್ತೆ ಅಂಟಿಕೊಳ್ಳುತ್ತದೆ. ನನ್ನ ಕೈ ನಡುಗುತ್ತಿದ್ದದ್ದು ನೋಡಿ "ಅರ್ಜೆಂಟ್ ಇಲ್ಲ ಮಾರಾಯ, ಉಸಿರು ಬಿಡು" ಅಂದರು. ಗೆರೆಗಳು ಒಂದೊಂದಾಗಿ ವಾಪಸ್ ಬಂದವು. ಲಿಥಿಯಂ ಬ್ಯಾಟರಿಯ ಭಯ ಕಲಿಸಿದ್ದೂ ಅವರೇ. ಉಬ್ಬಿದ ಬ್ಯಾಟರಿಗೆ ಲೋಹದ ಪಟ್ಟಿ ತೂರಿಸಿ ಎಬ್ಬಿಸಲು ಹೋದರೆ ಒಳಗೆ ಶಾರ್ಟ್ ಆಗಿ ಬೆಂಕಿ ಹತ್ತಬಹುದು. ಅವರು ಅಂತಹ ಫೋನ್ ಬಂದರೆ ಮಾತು ನಿಲ್ಲಿಸಿ ಕೆಲಸ ಮಾಡುತ್ತಾರೆ. ಬೇರೆ ಹೊತ್ತಿನಲ್ಲಿ ಅವರ ಮಾತು ನಿಲ್ಲಿಸೋಕೆ ಯಾರಿಂದಲೂ ಆಗಲ್ಲ ಬಿಡಿ.

ಮೇಜಿನ ತುಂಬಾ ಸ್ಕ್ರೂ ಹರಡಿದ್ದರೂ ಸುಮ್ನೆ ಇದ್ದ ಮನೆಯವರಿಗೂ ಥ್ಯಾಂಕ್ಸ್. ಮೂರು ರೆಕ್ಕೆಯ ಆ ಟ್ರೈ-ವಿಂಗ್ ಸ್ಕ್ರೂಗಳಲ್ಲಿ ಒಂದು ಇನ್ನೂ ಸಿಕ್ಕಿಲ್ಲ. ಗುಡಿಸುವಾಗ ಕಂಡರೆ ಎತ್ತಿಡಿ.

ಮುಂದಿನ ಕೆಲಸ ಸೆಗಾ ಕಂಪನಿಯವರ 1990ರ ಗೇಮ್ ಗೇರ್, ಅದೂ ಕೈಯಲ್ಲಿ ಹಿಡಿದು ಆಡುವ ಯಂತ್ರವೇ. ಅದರ ಕೆಪಾಸಿಟರ್‌ಗಳು (ವಿದ್ಯುತ್ ಹಿಡಿದಿಡುವ ಪುಟ್ಟ ಪಾರ್ಟ್‌ಗಳು) ವಯಸ್ಸಾದಂತೆ ಸೋರುತ್ತವೆ, ಸೌಂಡ್ ಕುಗ್ಗುತ್ತದೆ, ಪರದೆ ಮಂಕಾಗುತ್ತದೆ. ನಿಮ್ಮಲ್ಲಿ ಯಾರ ಹತ್ತಿರವಾದರೂ ಕೆಟ್ಟು ಕೂತಿರುವುದು ಇದ್ದರೆ ಎಸೆಯಬೇಡಿ, ನನಗೆ ಹೇಳಿ. ಸೆಲ್ ಮಾತ್ರ ಇವತ್ತೇ ತೆಗೆದಿಡಿ.